ಸಾಗಣೆಗೆ ಒಪ್ಪಿಲ್ಲ

ನವಲಗುಂದದ ಆಚೆ ಎರೆಹೊಲಗಳ ನಡುವೆ ಕಟ್ಟಿದ ಸರಕು ವಿಮಾನ ನಿಲ್ದಾಣದಲ್ಲಿ ನೀಲಗಂಗಾ ಹೊಸಮನಿ ಹದಿನಾಲ್ಕು ವರ್ಷಗಳಿಂದ ಅಪಾಯಕಾರಿ ಸರಕುಗಳ ತಪಾಸಣಾಧಿಕಾರಿಯಾಗಿದ್ದಳು. ಬಣ್ಣದ ಡಬ್ಬಿ, ಆಸಿಡ್, ಅತ್ತರು, ಅನಿಲದ ಸಿಲಿಂಡರ್, ಬ್ಯಾಟರಿ, ಹೀಗೆ ಹೊತ್ತಿಕೊಳ್ಳುವ, ಸಿಡಿಯುವ, ಸುಡುವ ಯಾವ ವಸ್ತುವೇ ಆಗಲಿ, ವಿಮಾನ ಹತ್ತುವ ಮೊದಲು ಅವಳ ಸ್ಟೀಲ್ ಮೇಜಿನ ಮೇಲೆ ಬರಬೇಕಿತ್ತು. ಅಂಥ ವಸ್ತುಗಳನ್ನು ಒಂಬತ್ತು ವರ್ಗ ಮಾಡಿದ್ದರು. ಪ್ರತಿಯೊಂದಕ್ಕೂ ಒಂದು ಸಂಖ್ಯೆ, ಒಂದು ಬಗೆಯ ಪೆಟ್ಟಿಗೆ, ಒಂದು ಚೀಟಿ, ಇಷ್ಟೇ ತೂಕ ಎಂಬ ಮಿತಿ. ಅವಳ ಪ್ರಶ್ನಾವಳಿಯಲ್ಲಿ ಐವತ್ತಮೂರು ಪ್ರಶ್ನೆಗಳಿದ್ದವು. ಐವತ್ತೆರಡಕ್ಕೆ ‘ಹೌದು’ ಎಂದು ಬಂದು ಒಂದಕ್ಕೆ ‘ಇಲ್ಲ’ ಎಂದಾದರೂ ಪೆಟ್ಟಿಗೆ ವಾಪಸು. ರಸ್ತೆಯಲ್ಲಿ ಲಾರಿಗೆ ಬೆಂಕಿ ಹತ್ತಿದರೆ ಇಳಿದು ಓಡಬಹುದು, ಗಾಳಿಯಲ್ಲಿ ಎಲ್ಲಿ ಇಳಿಯುತ್ತೀರಿ ಎಂದು ಹೊಸದಾಗಿ ಕೆಲಸ ಕಲಿಯಲು ಬಂದವರಿಗೆ ಅವಳು ಮೊದಲ ದಿನವೇ ಕೇಳುತ್ತಿದ್ದಳು.

ಆ ಸೋಮವಾರ ಮಧ್ಯಾಹ್ನ ಬೆಳಗಾವಿಯ ಒಂದು ಆಸ್ಪತ್ರೆಯಿಂದ ಪುಟ್ಟ ಪೆಟ್ಟಿಗೆಯೊಂದು ಬಂತು. ಒಳಗೆ ಇಪ್ಪತ್ತನಾಲ್ಕು ಎದೆಬಿಲ್ಲೆಗಳು.

ಎದೆಬಿಲ್ಲೆ ಎಂದರೆ ಏನು ಎಂದು ಆಗ ಯಾರಿಗೂ ಹೇಳಬೇಕಾಗಿರಲಿಲ್ಲ. ಸೋತ ಹೃದಯಕ್ಕೆ ಆಸರೆಯಾಗಿ ಒಂದು ಪುಟ್ಟ ಪಂಪು, ಅದಕ್ಕೆ ಶಕ್ತಿ ಕೊಡಲು ಕೊರಳೆಲುಬಿನ ಕೆಳಗೆ ಚರ್ಮದೊಳಗೆ ಬಿಲ್ಲೆಯಾಕಾರದ ಒಂದು ಬ್ಯಾಟರಿ. ಹಳೆಯ ಬ್ಯಾಟರಿಗಳಲ್ಲಿ ಇರುತ್ತಿದ್ದ ದ್ರವದ ಬದಲು ಇದರಲ್ಲಿ ಗಾಜಿನಂಥ ಗಟ್ಟಿ ಪದಾರ್ಥ ಇತ್ತು. ಹಾಗಾಗಿ ಸೋರುವುದಿಲ್ಲ, ಹೊತ್ತಿಕೊಳ್ಳುವುದಿಲ್ಲ, ಹನ್ನೆರಡು ವರ್ಷ ಬಾಳುತ್ತದೆ ಎಂದು ತಯಾರಿಸಿದ ಕಂಪನಿ ಹೇಳಿತ್ತು. ಬೆನ್ನಿಗೆ ಎಲೆಯಷ್ಟು ತೆಳುವಾದ ಲೋಹದ ಪೊರೆ ಇದ್ದು, ಮೈಯೊಳಗಿನ ಒತ್ತಡಕ್ಕೆ ತಕ್ಕಂತೆ ಅದು ಉಸಿರಾಡುವ ಹಾಗೆ ಹಿಗ್ಗಿ ಕುಗ್ಗುತ್ತಿತ್ತು. ದೇಶದಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಜನ ಅದರಿಂದ ಬದುಕಿದ್ದರು. ಬಿಲ್ಲೆ ಬಂದು ಇನ್ನೂ ಮೂರು ವರ್ಷ ತುಂಬಿರಲಿಲ್ಲ.

ಪೆಟ್ಟಿಗೆಯಲ್ಲಿದ್ದವು ಬೇರೆ ಕಾರಣಗಳಿಂದ ತೀರಿಕೊಂಡವರ ಮೈಯಿಂದ ತೆಗೆದವು. ಕಾರ್ಖಾನೆಗೆ ಹಿಂತಿರುಗುತ್ತಿದ್ದವು. ಕಾಗದದಲ್ಲಿ ‘ಬಳಸಿದ್ದು, ಹಾನಿಗೊಂಡಿಲ್ಲ’ ಎಂದಿತ್ತು. ನೀಲಗಂಗಾ ಒಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಅದು ಸಮನಾಗಿ ಕೂರಲಿಲ್ಲ. ಬೆರಳು ತಾಗಿಸಿದರೆ ಅತ್ತಿತ್ತ ಓಲಾಡಿತು. ಇನ್ನೊಂದನ್ನು ಇಟ್ಟಳು, ಅದೂ ಹಾಗೆಯೇ. ಹೊಟ್ಟೆ ಕೂದಲೆಳೆಯಷ್ಟು ಉಬ್ಬಿತ್ತು. ಉಬ್ಬಿದ ಬ್ಯಾಟರಿ ಎಂದರೆ ಹಾಳಾದ ಬ್ಯಾಟರಿ ಎಂದೇ ನಿಯಮ. ಪೆಟ್ಟಿಗೆಯನ್ನು ತಡೆಹಿಡಿದು, ಮರುದಿನ ಒತ್ತಡದ ಕೋಣೆಯಲ್ಲಿ ಐದು ಬಿಲ್ಲೆಗಳನ್ನು ಪರೀಕ್ಷಿಸುವುದೆಂದು ಬರೆದಳು.

ಮಂಗಳವಾರ ಬೆಳಿಗ್ಗೆ ಅವಳ ತಾಯಿ ಸಂಗವ್ವ ಅದೇ ನಿಲ್ದಾಣದಿಂದ ದಿನಕ್ಕೊಮ್ಮೆ ದಿಲ್ಲಿಗೆ ಹೋಗುತ್ತಿದ್ದ ಪ್ರಯಾಣಿಕರ ವಿಮಾನ ಹತ್ತುವವಳಿದ್ದಳು. ಮೂವತ್ತೊಂದು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿ ದುಡಿದ ಹೆಂಗಸು. ನಿವೃತ್ತರಾದ ಏಳು ಮಂದಿ ಗೆಳತಿಯರೊಂದಿಗೆ ಹೊರಟಿದ್ದಳು. ಅದು ಅವಳ ಮೊದಲ ವಿಮಾನ ಪ್ರಯಾಣ. ಮಗಳ ಕೋಣೆಗೆ ಬಂದು, ಚೀಲದಲ್ಲಿ ಕೊಬ್ಬರಿ ಎಣ್ಣೆ ಒಯ್ಯಬಹುದೇ, ಶೇಂಗಾ ಚಟ್ನಿಗೆ ಯಾರಾದರೂ ತಕರಾರು ಮಾಡುತ್ತಾರೆಯೇ ಎಂದೆಲ್ಲ ವಿಚಾರಿಸಿ ಹೋದಳು. ತಾನು ಬಸ್ಸಿನಲ್ಲಿ ಸೀಮೆಎಣ್ಣೆಯ ಡಬ್ಬಿ ಹಿಡಿದವರನ್ನು ಹತ್ತಿಸಿಕೊಳ್ಳುತ್ತಿರಲಿಲ್ಲ, ನೀನು ನನ್ನ ಮಗಳೇ ಸರಿ ಎಂದು ನಕ್ಕಳು. ಅವಳ ಎದೆಯಲ್ಲಿ ಬಿಲ್ಲೆ ಕೂತು ಮೂವತ್ತೊಂದು ತಿಂಗಳಾಗಿತ್ತು. ಮೈಯೊಳಗಿನದನ್ನು ಯಾರೂ ಸರಕೆಂದು ಎಣಿಸುತ್ತಿರಲಿಲ್ಲ, ನೀಲಗಂಗಾಳೂ ಎಣಿಸಿರಲಿಲ್ಲ.

ವಿಮಾನ ಹತ್ತು ಗಂಟೆ ಇಪ್ಪತ್ತೈದು ನಿಮಿಷಕ್ಕೆ ಏರಿತು. ಅಷ್ಟರಲ್ಲಿ ಪರೀಕ್ಷೆ ಶುರುವಾಗಿ ಇಪ್ಪತ್ತೈದು ನಿಮಿಷವಾಗಿತ್ತು.

ಒತ್ತಡದ ಕೋಣೆ ಲಾರಿಯ ಡಬ್ಬಿಯಷ್ಟು ದೊಡ್ಡದು. ದಪ್ಪ ಉಕ್ಕಿನ ಗೋಡೆ, ಅಂಗೈಯಗಲದ ಒಂದು ಗಾಜಿನ ಕಿಂಡಿ. ಅದನ್ನು ನಡೆಸುವವನು ಇಮಾಮಸಾಬ ನದಾಫ, ಇನ್ನೆರಡು ವರ್ಷಕ್ಕೆ ನಿವೃತ್ತಿಯಾಗಲಿದ್ದ ತಂತ್ರಜ್ಞ. ಹಾರುವ ವಿಮಾನದೊಳಗೆ ಇರುವುದು ನೆಲದ ಗಾಳಿಯಲ್ಲ, ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟು ತೆಳುವಾದ ಗಾಳಿ. ನದಾಫ ಕೋಣೆಯೊಳಗಿನ ಗಾಳಿಯನ್ನು ಅಷ್ಟಕ್ಕೇ ಇಳಿಸಿ ನಿಲ್ಲಿಸಿದ್ದ. ನಲವತ್ತನಾಲ್ಕನೆಯ ನಿಮಿಷದಲ್ಲಿ ಕಡಲೆ ಹುರಿದಾಗ ಸಿಡಿದಂಥ ಸಣ್ಣ ಸದ್ದಾಯಿತು. ಕಿಂಡಿ ಬೆಳ್ಳಗಾಯಿತು. ಬಿಲ್ಲೆ ಇದ್ದ ಮರಳಿನ ತಟ್ಟೆ ಕೆಂಪಗೆ ಕಾದು ಮಧ್ಯದಲ್ಲಿ ತೂತು ಬಿತ್ತು. ಏಳು ನಿಮಿಷದ ನಂತರ ಎರಡನೆಯದೂ ಹಾಗೆಯೇ ಆಯಿತು.

ನೀಲಗಂಗಾ ಆಸ್ಪತ್ರೆಯ ಪಟ್ಟಿಯನ್ನು ಎಳೆದುಕೊಂಡು ನೋಡಿದಳು. ಸಿಡಿದವು ಇಪ್ಪತ್ತೆಂಟು ಮತ್ತು ಇಪ್ಪತ್ತೊಂಬತ್ತು ತಿಂಗಳು ಹಳೆಯವು. ಮೂರನೆಯದು ಇಪ್ಪತ್ತಾರು ತಿಂಗಳಿನದು, ಅದೂ ಉಬ್ಬುತ್ತಿರುವುದು ಕಿಂಡಿಯಲ್ಲಿ ಕಾಣುತ್ತಿತ್ತು. ಉಳಿದೆರಡು ಬಿಲ್ಲೆಗಳು ಎರಡು ವರ್ಷದೊಳಗಿನವು, ಅವಕ್ಕೆ ಏನೂ ಆಗಿರಲಿಲ್ಲ. ಅವಳಿಗೆ ಆಗಲೇ ಅರ್ಥವಾಯಿತು. ಮೈಯ ಬಿಸಿಯಲ್ಲಿ ವರ್ಷಗಟ್ಟಲೆ ಇದ್ದ ಗಾಜಿನೊಳಗೆ ಕಣ್ಣಿಗೆ ಕಾಣದ ಅನಿಲದ ಗುಳ್ಳೆಗಳು ಹುಟ್ಟುತ್ತಿದ್ದವು. ನೆಲದ ಮೇಲೆ ಗಾಳಿಯ ಒತ್ತಡ ಅವನ್ನು ಅದುಮಿ ಹಿಡಿಯುತ್ತದೆ. ಮೇಲೆ ಹೋದಾಗ ಹಿಡಿತ ಸಡಿಲಾಗಿ ಗುಳ್ಳೆಗಳು ಹಿಗ್ಗುತ್ತವೆ, ಒಂದಕ್ಕೊಂದು ಕೂಡುತ್ತವೆ, ಗಾಜು ಬಿರಿಯುತ್ತದೆ. ಹೊಸ ಬಿಲ್ಲೆಗಳನ್ನು ಎಲ್ಲ ಪರೀಕ್ಷೆಗೂ ಒಡ್ಡಿದ್ದರು. ಹಳೆಯದಾದ ಬಿಲ್ಲೆಯನ್ನು ಯಾರೂ ಪರೀಕ್ಷಿಸಿರಲಿಲ್ಲ, ಏಕೆಂದರೆ ಹಳೆಯ ಬಿಲ್ಲೆ ಎಂಬುದೇ ಅಲ್ಲಿಯವರೆಗೆ ಜಗತ್ತಿನಲ್ಲಿ ಇರಲಿಲ್ಲ.

ನದಾಫ ಅವಳ ಮುಖ ನೋಡಿ ಏನಾಯಿತೆಂದು ಕೇಳಿದ. ಅವಳು ಆಗಲೇ ಮೆಟ್ಟಿಲ ಕಡೆ ಓಡುತ್ತಿದ್ದಳು.

ನಿಯಂತ್ರಣ ಕೊಠಡಿ ಮೂರು ಅಂತಸ್ತಿನ ಮೇಲಿತ್ತು. ಹತ್ತುವಾಗ ಅವಳು ಲೆಕ್ಕ ಹಾಕುತ್ತಿದ್ದಳು. ವಿಮಾನದೊಳಗಿನ ಗಾಳಿ ತೆಳುವಾಗಲು ಇಪ್ಪತ್ತು ನಿಮಿಷ. ಅಲ್ಲಿಂದ ನಲವತ್ತನಾಲ್ಕು. ಅಂದರೆ ಹನ್ನೊಂದೂ ಇಪ್ಪತ್ತೊಂಬತ್ತು, ಅದಕ್ಕಿಂತ ಹಳೆಯ ಬಿಲ್ಲೆಯಾದರೆ ಇನ್ನೂ ಬೇಗ. ಗಡಿಯಾರದಲ್ಲಿ ಹತ್ತೂ ಐವತ್ತೇಳು ಆಗಿತ್ತು.

ಅಂದು ಕರ್ತವ್ಯದಲ್ಲಿದ್ದ ಅಧಿಕಾರಿ ವಾದಿರಾಜ ಇನಾಮದಾರ, ಧಾರವಾಡದವರು, ಎಂದೂ ದನಿ ಏರಿಸದ ಮನುಷ್ಯ. ಅವಳು ಹೇಳಿದ್ದನ್ನು ಪೂರ್ತಿ ಕೇಳಿದರು. ಆಮೇಲೆ ನಿಧಾನವಾಗಿ ಅಂದರು.

“ಮೈಯೊಳಗಿನ ಸಾಧನ ಸರಕಲ್ಲ ಮೇಡಂ. ಅದಕ್ಕ ವಿನಾಯಿತಿ ಅದ. ಯಾವ ಆಧಾರದ ಮ್ಯಾಲೆ ನಾ ವಿಮಾನ ಕೆಳಗ ಇಳಸಲಿ?”

“ಹಾಳಾದ ಬ್ಯಾಟರಿ ವಿಮಾನದಾಗ ಐತಿ ಅಂತ ಗೊತ್ತಾದ್ರ ಕ್ಯಾಪ್ಟನ್‌ಗೆ ತಿಳಸಬೇಕು ಅಂತ ನಿಯಮ ಐತ್ರಿ. ಅದು ಪೆಟ್ಟಿಗ್ಯಾಗ ಐತೋ ಮೈಯಾಗ ಐತೋ ಅಂತ ಅಲ್ಲಿ ಬರದಿಲ್ಲ.”

ಹೇಳುತ್ತಲೇ ಅವಳು ಕ್ಯಾಪ್ಟನ್‌ಗೆ ಕಳಿಸುವ ಸೂಚನಾಪತ್ರವನ್ನು ಎಳೆದುಕೊಂಡು ಬರೆಯತೊಡಗಿದ್ದಳು. ವಸ್ತುವಿನ ಹೆಸರು: ಬ್ಯಾಟರಿ, ಹಾನಿಗೊಂಡಿದ್ದು. ವರ್ಗ: ಒಂಬತ್ತು. ಸಂಖ್ಯೆ: ಒಂದು. ಇಟ್ಟಿರುವ ಜಾಗ: ಹದಿನೇಳನೆಯ ಸಾಲು, ಮೂರನೆಯ ಆಸನ. ಇಂಥ ಪತ್ರವನ್ನು ಸಾವಿರಾರು ಸಲ ಬರೆದ ಕೈ ಅದು. ‘ಜಾಗ’ ಎಂಬ ಕಡೆ ಬರೆಯುವಾಗ ಪೆನ್ನಿನ ಮೊನೆಗೆ ಕಾಗದ ಹರಿಯಿತು.

ಇನಾಮದಾರ ಪತ್ರವನ್ನು ನೋಡಿದರು, ಒಂದು ಕ್ಷಣ ಯೋಚಿಸಿ ಮೈಕ್ ಎತ್ತಿಕೊಂಡರು. ವಿಮಾನ ಆಗ ಮಹಾರಾಷ್ಟ್ರದ ಮೇಲಿತ್ತು. ಕ್ಯಾಪ್ಟನ್ ಒಬ್ಬ ಹೆಂಗಸು. ಅವಳು ಒಂದೇ ಒಂದು ಪ್ರಶ್ನೆ ಕೇಳಿದಳು: ನಾನೀಗ ಏನು ಮಾಡಲಿ? ಹತ್ತು ಸಾವಿರ ಅಡಿಗೆ ಇಳಿಯಿರಿ, ಆ ಎತ್ತರದಲ್ಲಿ ವಿಮಾನದೊಳಗೆ ನೆಲದ ಒತ್ತಡವನ್ನೇ ತುಂಬಲು ಬರುತ್ತದೆ, ತುಂಬಿ ಹತ್ತಿರದ ನಿಲ್ದಾಣದಲ್ಲಿ ಇಳಿಸಿ ಎಂದು ನೀಲಗಂಗಾ ಹೇಳಿದಳು. ಆಮೇಲೆ, ಇಳಿಯುತ್ತಿದ್ದೇವೆ, ಆ ಪ್ರಯಾಣಿಕರಿಗೆ ವಿಷಯ ತಿಳಿಸಬೇಕೇ ಬೇಡವೇ ಎಂಬ ಪ್ರಶ್ನೆ ಬಂತು.

“ಹೇಳ್ರಿ,” ಅಂದಳು ನೀಲಗಂಗಾ. “ನಮ್ಮವ್ವ ಚೀರೂದಿಲ್ಲ.”

ಇನಾಮದಾರ ಆಗ ಅವಳ ಕಡೆ ತಿರುಗಿ ನೋಡಿದರು. ತಮ್ಮ ಕುರ್ಚಿಯನ್ನು ಅವಳತ್ತ ಸರಿಸಿ, ತಾವು ನಿಂತೇ ದೇಶದ ಉಳಿದ ನಿಯಂತ್ರಣ ಕೇಂದ್ರಗಳಿಗೆ ಸುದ್ದಿ ಕೊಡಲು ಶುರುಮಾಡಿದರು. ಬಿಲ್ಲೆ ಹಾಕಿಸಿಕೊಂಡವರ ಪಟ್ಟಿಗಾಗಿ ಕಂಪನಿಗೆ ಫೋನ್ ಹೋಯಿತು. ರೋಗಿಗಳ ಹೆಸರು ಕೊಡಲಾಗದು, ಮೂರು ಪ್ರಯೋಗಾಲಯಗಳ ಲಿಖಿತ ವರದಿ ಬೇಕು ಎಂಬ ಉತ್ತರ ಬಂತು. ಇನಾಮದಾರ ಫೋನ್ ಇಟ್ಟು, ಹಾರಾಟದಲ್ಲಿರುವ ಎಲ್ಲ ವಿಮಾನಗಳಲ್ಲೂ ಎದೆಬಿಲ್ಲೆ ಇರುವವರು ಯಾರೆಂದು ಕೇಳಿ ಎಂದು ತಮ್ಮ ಹೆಸರಿನಲ್ಲೇ ಸಂದೇಶ ಕಳಿಸಿದರು. ಅಷ್ಟು ಅಧಿಕಾರ ಅವರಿಗೆ ಇರಲಿಲ್ಲ.

ಹನ್ನೊಂದೂ ಹನ್ನೊಂದಕ್ಕೆ ವಿಮಾನ ಇಪ್ಪತ್ತು ಸಾವಿರ ಅಡಿಯಲ್ಲಿತ್ತು. ಹನ್ನೊಂದೂ ಹದಿನೇಳಕ್ಕೆ ಹನ್ನೆರಡು ಸಾವಿರ. ಪರದೆಯ ಮೇಲೆ ಅದು ಒಂದು ಹಸಿರು ಚುಕ್ಕೆ, ಪಕ್ಕದಲ್ಲಿ ಇಳಿಯುತ್ತಿದ್ದ ಅಂಕಿ. ಒಳಗೆ ನೂರ ನಲವತ್ತು ಜನ. ಚುಕ್ಕೆ ಇದ್ದಕ್ಕಿದ್ದಂತೆ ಮಾಯವಾದರೆ ಅದರ ಅರ್ಥವೇನೆಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನೀಲಗಂಗಾಳಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಹನ್ನೊಂದೂ ಮೂವತ್ತಾರಕ್ಕೆ ವಿಮಾನ ನಾಂದೇಡದಲ್ಲಿ ನೆಲ ಮುಟ್ಟಿತು.

ಆ ಮಧ್ಯಾಹ್ನ ದೇಶದಲ್ಲಿ ಹದಿನಾಲ್ಕು ವಿಮಾನಗಳು ಹಾಗೆ ಕೆಳಗಿಳಿದವು. ಹದಿನೈದನೆಯದು ಸಮುದ್ರದ ಮೇಲಿತ್ತು, ಅದಕ್ಕೆ ಸಂದೇಶ ತಡವಾಗಿ ತಲುಪಿತು. ವಿಮಾನವೇನೋ ಇಳಿಯಿತು. ಐವತ್ತೆರಡು ವರ್ಷದ ಒಬ್ಬ ಪ್ರಯಾಣಿಕ ಮತ್ತು ಅವರ ಪಕ್ಕದಲ್ಲಿ ಕೂತಿದ್ದವರು ಬದುಕಿ ಇಳಿಯಲಿಲ್ಲ.

ನಾಂದೇಡಕ್ಕೆ ನೀಲಗಂಗಾ ಕಾರಿನಲ್ಲಿ ಹೋದಳು. ವಿಮಾನದಲ್ಲಿ ನಡೆದದ್ದನ್ನು ಸಂಗವ್ವನ ಬಾಯಿಂದಲ್ಲ, ಅವಳ ಗೆಳತಿಯರ ಬಾಯಿಂದ ಕೇಳಿದಳು. ಗಗನಸಖಿ ಬಂದು ಕಿವಿಯಲ್ಲಿ ವಿಷಯ ಹೇಳಿದಾಗ ಸಂಗವ್ವ ಸುಮ್ಮನೆ ಎದ್ದು ಕಟ್ಟಕಡೆಯ ಸಾಲಿಗೆ ನಡೆದಳಂತೆ. ಅಲ್ಲಿ ಕೂತಿದ್ದವರು ಏಳಲು ಒಪ್ಪದಿದ್ದಾಗ, ಬಸ್ಸಿನಲ್ಲಿ ಹೇಳುತ್ತಿದ್ದ ಅದೇ ದನಿಯಲ್ಲಿ ಮುಂದೆ ಸರಿಯಿರಿ, ಮುಂದೆ ಜಾಗ ಇದೆ ಎಂದು ಐದು ಸಾಲು ಖಾಲಿ ಮಾಡಿಸಿದಳಂತೆ. ಭಾಷೆ ಬಾರದವರೂ ಎದ್ದರಂತೆ. ಆಮೇಲೆ ಒದ್ದೆ ಕಂಬಳಿ ಹೊದ್ದು, ಇಳಿಯುವ ತನಕ ಕಿಟಕಿಯ ಹೊರಗೆ ನೋಡುತ್ತ ಒಬ್ಬಳೇ ಕೂತಿದ್ದಳಂತೆ.

ಊರಿಗೆ ಬಂದ ಮೇಲೆ ಶುರುವಾದದ್ದು ಬೇರೆ ಭಯ. ನೀಲಗಂಗಾ ಉಳಿದ ಬಿಲ್ಲೆಗಳನ್ನು ಪರೀಕ್ಷಿಸುತ್ತಲೇ ಇದ್ದಳು. ಅವುಗಳಲ್ಲಿ ಕೆಲವನ್ನು ಅರ್ಧ ಗಂಟೆ ತೆಳುಗಾಳಿಯಲ್ಲಿಟ್ಟು ಹೊರತೆಗೆದು ಮರಳಿನಲ್ಲಿ ಇಟ್ಟಿದ್ದಳು. ಬೇರೆ ಕೇಂದ್ರಗಳಲ್ಲೂ ಹಾಗೆಯೇ ಇಟ್ಟಿದ್ದರು. ಬಿಸಿ ಹೆಚ್ಚಿಸಿದರೆ ವಾರಗಳ ಸವೆತ ಗಂಟೆಗಳಲ್ಲೇ ಆಗುತ್ತದೆ, ಹಾಗೆ ದಿನಗಳನ್ನು ಓಡಿಸಿ ನೋಡಿದಾಗ ಉತ್ತರ ಒಂದೇ ಬಂತು: ಒಮ್ಮೆ ಮೇಲೇರಿದ ಬಿಲ್ಲೆಯ ಬಿರುಕು ಕೂಡಿಕೊಳ್ಳುವುದಿಲ್ಲ, ನೆಲದ ಮೇಲೂ ಬೆಳೆಯುತ್ತದೆ. ಸಿಡಿಯಲು ಹದಿನೆಂಟರಿಂದ ಇಪ್ಪತ್ತೈದು ದಿನ, ಅಷ್ಟೇ. ಆ ವರ್ಷ ಎರಡು ಊರುಗಳಲ್ಲಿ ಅಡುಗೆ ಅನಿಲದ ಸೋರಿಕೆ ಎಂದು ಬರೆದುಕೊಂಡಿದ್ದ ಮನೆಬೆಂಕಿಗಳ ಕಡತಗಳನ್ನು ಪೊಲೀಸರು ಮತ್ತೆ ತೆರೆದರು. ಎರಡೂ ಮನೆಗಳಲ್ಲಿ ಬಿಲ್ಲೆ ಇದ್ದವರಿದ್ದರು, ಇಬ್ಬರೂ ಬೆಂಕಿಗೆ ಮೂರು ವಾರ ಮೊದಲು ವಿಮಾನದಲ್ಲಿ ಬಂದವರು.

ಹನ್ನೊಂದನೆಯ ದಿನ ಹೊಸ ನಿಯಮ ಬಂತು. ‘ದೇಹದೊಳಗಿನ ಗಾಜುಬ್ಯಾಟರಿ, ಇಪ್ಪತ್ತು ತಿಂಗಳು ಮೀರಿದ್ದು, ಧಾರಕ ವ್ಯಕ್ತಿಯ ಸಹಿತ’ ಎಂಬುದು ಅಪಾಯಕಾರಿ ಸರಕುಗಳ ಪಟ್ಟಿಗೆ ಸೇರಿತು. ಪ್ರಯಾಣಿಕರ ವಿಮಾನದಲ್ಲಿ ನಿಷೇಧ. ತೀರಾ ಅಗತ್ಯವಿದ್ದರೆ ಸರಕು ವಿಮಾನದಲ್ಲಿ ಮಾತ್ರ, ನೆಲದ ಒತ್ತಡದಲ್ಲಿ, ಉಬ್ಬು ಮೂರು ಹತ್ತಾಂಶ ಮಿಲಿಮೀಟರ್ ಮೀರಿರಬಾರದು. ಮನುಷ್ಯರಿಗೆ ಸರಕಿನ ಸಂಖ್ಯೆ ಬಂದದ್ದು ಅದೇ ಮೊದಲು.

ವಿಮಾನದ ನಿಯಮ ವಿಮಾನದಲ್ಲೇ ಉಳಿಯಲಿಲ್ಲ. ರೈಲಿನವರು ಕೇಳತೊಡಗಿದರು, ಬಸ್ಸಿನವರು ಕೇಳತೊಡಗಿದರು. ಮಡಿಕೇರಿ, ಊಟಿಗಳಲ್ಲಿದ್ದ ಬಿಲ್ಲೆಯವರು ಇನ್ನೂ ಎತ್ತರದ ತಿರುವು ದಾಟಿ ಕೆಳಗೆ ಬರಬೇಕೋ ಅಲ್ಲೇ ಇರಬೇಕೋ ತಿಳಿಯದೆ ಕೂತರು. ಹುಬ್ಬಳ್ಳಿಯಲ್ಲಿ ಒಬ್ಬ ಮುದುಕರನ್ನು ಬಾಡಿಗೆ ಮನೆಯಿಂದ ಹೊರಗೆ ಹಾಕಿದರು. ಅಂಗಡಿಗಳಲ್ಲಿ ಗಾಳಿಯ ಒತ್ತಡ ಅಳೆಯುವ ಯಂತ್ರಗಳು ಖಾಲಿಯಾದವು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದು ರೇಡಿಯೊದಲ್ಲಿ ಬಂದರೆ ಸಾಕು, ಜನ ಆಸ್ಪತ್ರೆಗಳ ಅಂಗಳದಲ್ಲಿ ಬಂದು ಕೂರುತ್ತಿದ್ದರು. ಅಂಥ ಕುಸಿತದಿಂದ ಆಗುವ ವ್ಯತ್ಯಾಸ ತೀರಾ ಅಲ್ಪ ಎಂದು ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ.

ಮನೆಯಲ್ಲಿ ಸಂಗವ್ವ ಹಿತ್ತಲಿನ ಕಡೆಯ ಕೋಣೆಗೆ ತನ್ನ ಹಾಸಿಗೆಯನ್ನು ತಾನೇ ಸಾಗಿಸಿಕೊಂಡಳು. ನೀಲಗಂಗಾಳ ಮಗಳು, ಒಂಬತ್ತು ವರ್ಷದ ಚಿನ್ಮಯಿ, ಶಾಲೆಯಿಂದ ಬಂದೊಡನೆ ಅಜ್ಜಿಯ ತೊಡೆ ಏರುವವಳು. ಈಗ ಅಜ್ಜಿ ಅವಳನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸುತ್ತಿದ್ದಳು. ಮಗು ಅತ್ತಾಗಲೂ ಹತ್ತಿರ ಕರೆಯಲಿಲ್ಲ. ನೀಲಗಂಗಾ ಊಟದ ತಟ್ಟೆ ತೆಗೆದುಕೊಂಡು ಹೋದರೆ, ಇಟ್ಟು ಹೋಗು ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ಅವಳು ಇಟ್ಟು ಹೋಗದೆ ಅಲ್ಲೇ ಕೂತಳು. ಸಂಗವ್ವ ಗೋಡೆಯ ಕಡೆ ಮುಖ ಮಾಡಿ, ಎದೆಯ ಮೇಲೆ ಕೈ ಇಟ್ಟುಕೊಂಡು ಅಂದಳು:

“ಒಳಗ ಬೆಚ್ಚಗ ಆಗೇತೇನು ಅಂತ ತಾಸಿಗೊಮ್ಮೆ ಮುಟ್ಟಿ ನೋಡ್ಕೊಂತೀನಿ ನೀಲಾ. ಮೈ ಅಂದಮ್ಯಾಲೆ ಬೆಚ್ಚಗ ಇರೂದ. ಯಾವುದು ನಂದು, ಯಾವುದು ಅದರದು ಅಂತ ತಿಳಿಯಂಗಿಲ್ಲ.”

ಹಳೆಯ ಬಿಲ್ಲೆಯೊಂದಿಗೆ ಆ ದಿನಗಳಲ್ಲಿ ವಿಮಾನ ಏರಿ ಬಂದವರು ದೇಶದಲ್ಲಿ ಅರವತ್ತೊಂದು ಮಂದಿ ಎಂದು ಲೆಕ್ಕ ಸಿಕ್ಕಿತು. ಬಿಲ್ಲೆಯನ್ನು ಹೊರತೆಗೆಯುವಾಗ ಅದು ಸಿಡಿದರೂ ವೈದ್ಯರಿಗೆ ಅಪಾಯವಾಗದಂಥ ಶಸ್ತ್ರಚಿಕಿತ್ಸಾ ಕೊಠಡಿಗಳು ಇದ್ದದ್ದು ಮೂರು. ಸಂಗವ್ವನ ಪಾಳಿ ಬಂದದ್ದು ಗುವಾಹಟಿಯಲ್ಲಿ, ಹತ್ತೊಂಬತ್ತನೆಯ ದಿನ. ರಸ್ತೆಯಲ್ಲಿ ಹೋದರೆ ಮೂರು ದಿನ ಕುಲುಕಾಟ, ಬಿರುಕು ಬಿಟ್ಟ ಗಾಜು ಅದನ್ನು ತಾಳುವುದಿಲ್ಲ. ಹಾಗಾಗಿ ಹದಿನೇಳನೆಯ ದಿನ ಬೆಳಿಗ್ಗೆ ಒಂದು ಸರಕು ವಿಮಾನದಲ್ಲಿ ಅವಳನ್ನು ಕಳಿಸುವುದೆಂದು ನಿಶ್ಚಯವಾಯಿತು. ಇಬ್ಬರು ಪೈಲಟ್‌ಗಳು ತಾವಾಗಿಯೇ ಒಪ್ಪಿ ಬಂದಿದ್ದರು.

ಹೊಸ ನಿಯಮದ ತರಬೇತಿ ಪಡೆದ ತಪಾಸಣಾಧಿಕಾರಿ ಆ ನಿಲ್ದಾಣದಲ್ಲಿ ನೀಲಗಂಗಾ ಒಬ್ಬಳೇ. ತಾಯಿಯ ಕಾಗದ ಮಗಳೇ ನೋಡಬಾರದು ಎಂದು ಎಲ್ಲೂ ಬರೆದಿರಲಿಲ್ಲ.

ಸಂಗವ್ವ ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು ಬಂದಳು. ಕಳಿಸುವವರ ಘೋಷಣಾಪತ್ರದಲ್ಲಿ ತಾನೇ ಸಹಿ ಮಾಡಿದಳು. ಕಳಿಸುವವರ ಹೆಸರಿನ ಕಡೆ ಸಂಗವ್ವ ಹೊಸಮನಿ, ಸರಕಿನ ವಿವರದಲ್ಲೂ ಸಂಗವ್ವ ಹೊಸಮನಿ. ನದಾಫ ಅವಳ ತೋಳಿಗೆ ಮೂಲೆಯ ಮೇಲೆ ನಿಲ್ಲಿಸಿದ ಚೌಕದಂಥ ಚೀಟಿಯನ್ನು ಕಟ್ಟಿದ. ಮೇಲರ್ಧ ಕಪ್ಪು ಪಟ್ಟಿಗಳು, ಕೆಳಗೆ ಒಂಬತ್ತು. ಅದರ ಪಕ್ಕ ‘ಸರಕು ವಿಮಾನದಲ್ಲಿ ಮಾತ್ರ’ ಎಂಬ ಕಿತ್ತಳೆ ಚೀಟಿ. ಕಟ್ಟುವಾಗ ಬಿಗಿಯಾಯಿತೇನು ಅಮ್ಮಾ ಎಂದು ಎರಡು ಸಲ ಕೇಳಿದ.

ನೀಲಗಂಗಾ ಒಂದೊಂದೇ ಪ್ರಶ್ನೆಗೆ ಗುರುತು ಹಾಕುತ್ತ ಹೋದಳು. ನಲವತ್ತೊಂದನೆಯದು ಉಬ್ಬಿನದು. ಕ್ಷಕಿರಣ ಯಂತ್ರದ ಪರದೆಯಲ್ಲಿ ಬಿಲ್ಲೆಯ ಅಂಚು ಸ್ಪಷ್ಟವಾಗಿ ಕಾಣುತ್ತಿತ್ತು. ಅಳತೆ ನಾಲ್ಕು ಹತ್ತಾಂಶ. ಯಂತ್ರ ತಪ್ಪಿರಬಹುದೆಂದು ಮತ್ತೆ ಅಳೆದಳು. ನಾಲ್ಕು. ಮೂರನೆಯ ಸಲವೂ ನಾಲ್ಕೇ.

ಪರದೆ ಅವಳಿಗೊಬ್ಬಳಿಗೇ ಕಾಣುವಂತಿತ್ತು. ಮೂರು ಎಂದು ಬರೆದರೆ ಯಾರೂ ಕೇಳುವವರಿರಲಿಲ್ಲ. ಹೊರಗೆ ಪೈಲಟ್‌ಗಳು ವಿಮಾನದ ನೆರಳಿನಲ್ಲಿ ನಿಂತು ಚಹಾ ಕುಡಿಯುತ್ತಿದ್ದರು, ಒಬ್ಬ ಇನ್ನೂ ಮೂವತ್ತು ದಾಟದವನು. ನಾಲ್ಕು ಗಂಟೆಯ ಹಾರಾಟ. ಕಳಿಸದಿದ್ದರೆ ತಾಯಿಗೆ ಉಳಿದದ್ದು ಒಂದು ದಿನವೋ ಒಂದು ವಾರವೋ. ನೀಲಗಂಗಾ ಪೆನ್ನು ಹಿಡಿದು ಎಷ್ಟು ಹೊತ್ತು ನಿಂತಿದ್ದಳೋ ಅವಳಿಗೇ ಗೊತ್ತಾಗಲಿಲ್ಲ. ಕೊನೆಗೆ ನಾಲ್ಕು ಎಂದು ಬರೆದಳು. ‘ಇಲ್ಲ’ ಎಂಬಲ್ಲಿ ಗುರುತು ಹಾಕಿದಳು. ಕೆಳಗೆ ‘ಸಾಗಣೆಗೆ ಒಪ್ಪಿಲ್ಲ’ ಎಂದು ಬರೆದು ಸಹಿ ಮಾಡಿದಳು. ಆಮೇಲೆ ಗೋಡೆಗೆ ಒರಗಿ ಕೂತುಬಿಟ್ಟಳು.

ಸಂಗವ್ವ ಎದ್ದು ಬಂದು ಕಾಗದ ತೆಗೆದುಕೊಂಡು ಓದಿದಳು. ಮಗಳ ತಲೆಯ ಮೇಲೆ ಕೈ ಇಡಲು ಹೋಗಿ, ಹತ್ತಿರ ಹೋಗಬಾರದೆಂದು ನೆನಪಾಗಿ, ಎರಡು ಹೆಜ್ಜೆ ಹಿಂದೆ ಸರಿದಳು.

“ಛಲೋ ಮಾಡಿದಿ,” ಅಂದಳು. “ಆ ಹುಡುಗರಿಗೂ ಮನಿಯಾಗ ಯಾರರ ಇರ್ತಾರ.”

ಆಗ ನದಾಫ ಮುಂದೆ ಬಂದ. ಅಲ್ಲಿಯವರೆಗೆ ಅವನು ಒತ್ತಡದ ಕೋಣೆಯ ಬಾಗಿಲನ್ನೇ ನೋಡುತ್ತಿದ್ದ.

“ಮೇಡಮ್ಮರ, ಇಷ್ಟು ದಿವಸ ನಾವು ಒಳಗಿನ ಗಾಳಿ ಕಡಿಮಿ ಮಾಡಕೋತ ಬಂದೀವಿ. ಪಂಪು ತಿರುವಿ ಹಾಕಿದ್ರ ಅದ ಕೋಣ್ಯಾಗ ಗಾಳಿ ಹೆಚ್ಚೂ ಮಾಡಾಕ ಬರ್ತೈತಿ. ಗುಳ್ಳಿ ಅದುಮಿ ಹಿಡದ್ರ ಸಿಡಿಯೂದಿಲ್ಲಲ್ಲ?”

ನೀಲಗಂಗಾ ತಲೆ ಎತ್ತಿದಳು.

ಅದೇ ಮಧ್ಯಾಹ್ನ ಉಳಿದಿದ್ದ ಹಳೆಯ ಬಿಲ್ಲೆಗಳಲ್ಲಿ ನಾಲ್ಕನ್ನು ಒಳಗಿಟ್ಟು ನೆಲದ ಒತ್ತಡದ ಎರಡರಷ್ಟು ಏರಿಸಿದರು. ಬಿರುಕು ಬಿಟ್ಟಿದ್ದವೂ ಆರು ಗಂಟೆ ತಣ್ಣಗೆ ಕೂತವು. ಉಬ್ಬು ಇಳಿದಿತ್ತು. ಸಂಗವ್ವನಿಗೆ ಬಿಲ್ಲೆ ಹಾಕಿದ್ದ ಹುಬ್ಬಳ್ಳಿಯ ಶಸ್ತ್ರಚಿಕಿತ್ಸಕಿ ಡಾಕ್ಟರ್ ಸುಹಾಸಿನಿ ಬೆಟಗೇರಿಗೆ ನೀಲಗಂಗಾ ಫೋನ್ ಮಾಡಿದಳು. ಸುಹಾಸಿನಿ ಎಲ್ಲವನ್ನೂ ಕೇಳಿ, ಒತ್ತಡದ ಗಾಳಿಯಲ್ಲಿ ಬೆಂಕಿ ಹತ್ತಿದರೆ ಹೊರಗಿಗಿಂತ ಜೋರಾಗಿ ಉರಿಯುತ್ತದಲ್ಲವೇ ಎಂದು ಕೇಳಿದರು. ಹೌದು ಎಂದಳು ನೀಲಗಂಗಾ. ಬಾಗಿಲು ತಕ್ಷಣ ತೆರೆಯಲು ಬರುತ್ತದೆಯೇ ಎಂದು ಕೇಳಿದರು. ಇಲ್ಲ, ಎಂಟು ನಿಮಿಷ ಬೇಕು ಎಂದಳು. ನಾಳೆ ಬೆಳಿಗ್ಗೆ ಎಂಟಕ್ಕೆ ಬರುತ್ತೇನೆ, ನೆಲವನ್ನು ಮೂರು ಸಲ ತೊಳೆಸಿಡಿ ಎಂದು ಸುಹಾಸಿನಿ ಫೋನ್ ಇಟ್ಟರು.

ಹದಿನೆಂಟನೆಯ ದಿನ ಬೆಳಿಗ್ಗೆ, ಸರಕಿನ ಕಟ್ಟಡವನ್ನೆಲ್ಲ ಖಾಲಿ ಮಾಡಿಸಿ, ಸುಹಾಸಿನಿ, ಅರಿವಳಿಕೆ ಕೊಡುವ ವೈದ್ಯರು ಮತ್ತು ಒಬ್ಬ ನರ್ಸ್ ಸಂಗವ್ವನೊಂದಿಗೆ ಉಕ್ಕಿನ ಕೋಣೆಯೊಳಗೆ ಹೋದರು. ಬಾಗಿಲ ಹದಿನಾರು ಬೋಲ್ಟುಗಳನ್ನು ನದಾಫ ಬಿಗಿದ. ಒತ್ತಡದ ಮಾಪಕದ ಮುಳ್ಳು ನಿಧಾನವಾಗಿ ಮೇಲೇರಿತು. ಒಳಗಿದ್ದವರು ಕಿವಿ ಮುಚ್ಚಿಕೊಂಡು ಉಗುಳು ನುಂಗುವುದು ಕಿಂಡಿಯಲ್ಲಿ ಕಾಣಿಸಿತು. ನದಾಫ ಕವಾಟದ ಮೇಲೆ ಕೈಯಿಟ್ಟು ನಿಂತ. ನೀಲಗಂಗಾ ಕಿಂಡಿಯ ಬಳಿ ನಿಂತಳು. ಗಾಜಿನ ದಪ್ಪದಿಂದಾಗಿ ಎಲ್ಲ ಸ್ವಲ್ಪ ವಕ್ರವಾಗಿ ಕಾಣುತ್ತಿತ್ತು.

ಮೊದಲು ಪಂಪಿಗೆ ಹೊರಗಿನ ಬ್ಯಾಟರಿಯ ತಂತಿ ಜೋಡಿಸಿದರು. ಅದಕ್ಕೇ ಇಪ್ಪತ್ತು ನಿಮಿಷ ಹಿಡಿಯಿತು. ಆಮೇಲೆ ಸುಹಾಸಿನಿಯ ಮೊಣಕೈ ಮಾತ್ರ ಕಾಣುತ್ತಿತ್ತು. ಒಮ್ಮೆ ಆ ಮೊಣಕೈ ಅಲ್ಲಾಡದೆ ನಿಂತುಬಿಟ್ಟಿತು. ಒಳಗಿನ ಫೋ‌ನ್‌ನಲ್ಲಿ ಅವರ ದನಿ ಬಂತು: ಬಿಲ್ಲೆ ಮಾಂಸಕ್ಕೆ ಅಂಟಿಕೊಂಡಿದೆ, ಎಳೆದರೆ ಬಾಗುತ್ತದೆ. ಬಾಗಿಸಬೇಡಿ ಎಂದಳು ನೀಲಗಂಗಾ. ಸುಹಾಸಿನಿ ಸುತ್ತಲಿನ ಮಾಂಸವನ್ನು ಎಳೆ ಎಳೆಯಾಗಿ ಬಿಡಿಸುತ್ತ ಹೋದರು. ಐವತ್ತನಾಲ್ಕನೆಯ ನಿಮಿಷದಲ್ಲಿ ನರ್ಸ್ ಎರಡೂ ಕೈಯಲ್ಲಿ ಚಿಮಟ ಹಿಡಿದು, ಮಗುವನ್ನು ನೀರಿನಿಂದ ಎತ್ತುವಷ್ಟು ನಿಧಾನವಾಗಿ, ಬಿಲ್ಲೆಯನ್ನು ಮರಳು ತುಂಬಿದ ಉಕ್ಕಿನ ಪಾತ್ರೆಯಲ್ಲಿ ಇಳಿಸಿದಳು. ಕೋಣೆಗೆ ಒತ್ತಡವನ್ನು ಬೇರೆಯಾಗಿ ಹಿಡಿದಿಡುವ, ಒಳಬಾಗಿಲಿನ ಒಂದು ಪುಟ್ಟ ಗೂಡು ಇತ್ತು. ಪಾತ್ರೆಯನ್ನು ಅದರಲ್ಲಿಟ್ಟು ಬಾಗಿಲು ಮುಚ್ಚಿದರು.

ಜನರಿದ್ದ ಭಾಗದ ಒತ್ತಡವನ್ನು ಅರ್ಧ ಗಂಟೆ ತೆಗೆದುಕೊಂಡು ಇಳಿಸಿ, ಸಂಗವ್ವನನ್ನು ಹೊರಗೆ ತಂದು ಆಂಬುಲೆನ್ಸಿಗೆ ಏರಿಸಿದ ಮೇಲೆ, ನದಾಫ ಗೂಡಿನ ಒತ್ತಡವನ್ನು ಇಳಿಸಿದ. ಮುಳ್ಳು ನೆಲದ ಒತ್ತಡದ ಗುರುತಿಗೆ ಬಂದು ನಿಂತು ಹತ್ತು ಎಣಿಸುವಷ್ಟರಲ್ಲಿ ಒಳಗೆ ಆ ಸಣ್ಣ ಸದ್ದಾಯಿತು. ಗೂಡಿನ ಬಾಗಿಲು ಕಾದು ಬಣ್ಣ ಸುಲಿಯಿತು. ಮೇಲೇರುವುದು ದೂರದ ಮಾತು, ಆ ಬಿಲ್ಲೆ ಇನ್ನೊಂದು ದಿನ ನೆಲದ ಮೇಲೂ ನಿಲ್ಲುತ್ತಿರಲಿಲ್ಲ.

ಆ ವಿಧಾನವನ್ನು ನೀಲಗಂಗಾ ಅಂದೇ ಬರೆದು ಎಲ್ಲ ಕಡೆಗೆ ಕಳಿಸಿದಳು. ಬೇರೆ ಬೇರೆ ನಿಲ್ದಾಣಗಳ ಒತ್ತಡದ ಕೋಣೆಗಳು ಮರುದಿನದಿಂದಲೇ ಶಸ್ತ್ರಚಿಕಿತ್ಸಾ ಕೊಠಡಿಗಳಾದವು. ನವಲಗುಂದಕ್ಕೂ ಹದಿಮೂರು ಮಂದಿ ಬಂದರು, ಗಂಟೆಗೆ ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ, ಹಿಂದೆ ಮುಂದೆ ಖಾಲಿ ರಸ್ತೆ ಬಿಟ್ಟುಕೊಂಡು. ಅರವತ್ತೊಂದರಲ್ಲಿ ಐವತ್ತನಾಲ್ಕು ಜನ ಉಳಿದರು. ಉಳಿಯದ ಏಳು ಜನರ ಹೆಸರುಗಳನ್ನು ನೀಲಗಂಗಾ ಬಾಯಿಪಾಠದಂತೆ ಹೇಳಬಲ್ಲವಳಾಗಿದ್ದಳು.

ಸಂಗವ್ವ ಚೇತರಿಸಿಕೊಂಡಳು. ಆದರೆ ಹೊರಗಿನ ಬ್ಯಾಟರಿ ಎರಡು ಗಂಟೆಗೊಮ್ಮೆ ಬದಲಿಸಬೇಕಿತ್ತು, ತಂತಿ ಚರ್ಮದೊಳಗೆ ಹೋಗುವ ಜಾಗ ಕೀವುಗಟ್ಟುತ್ತಿತ್ತು. ಹೀಗೆ ಬಹಳ ದಿನ ನಡೆಯುವುದಿಲ್ಲ ಎಂದು ಸುಹಾಸಿನಿ ಮುಚ್ಚಿಡದೆ ಹೇಳಿದರು. ಎರಡು ತಿಂಗಳ ನಂತರ ಬೇರೊಂದು ಕಂಪನಿಯವರು ಹೊಸ ಬಗೆಯ ಬಿಲ್ಲೆ ತಂದರು. ಅದರಲ್ಲಿ ಗಾಜಿಲ್ಲ, ಬೇರೆಯೇ ಪದಾರ್ಥ. ಆಸ್ಪತ್ರೆಯ ಕೋಣೆಗೆ ಬಂದ ಅವರ ಎಂಜಿನಿಯರ್, ಸೌಮ್ಯ ಮುಖದ ಯುವಕ, ಪರೀಕ್ಷೆಗಳ ವರದಿಯನ್ನು ನೀಲಗಂಗಾಳ ಕೈಗಿತ್ತ. ನಲವತ್ತು ಪುಟ. ಎತ್ತರ, ಬಿಸಿ, ಕುಲುಕಾಟ, ಹೊಡೆತ, ಎಲ್ಲದರಲ್ಲೂ ಪಾಸಾಗಿತ್ತು. ಕಂಪನಿಯ ಒಲೆಗಳಲ್ಲಿ ಬಿಸಿ ಹೆಚ್ಚಿಸಿ ದಿನಗಳನ್ನು ಓಡಿಸಿ ನೋಡಿದ ಲೆಕ್ಕವೂ ಇತ್ತು. ಅವಳು ಕೊನೆಯ ಪುಟದವರೆಗೆ ಓದಿ, ನಿಜವಾಗಿ ಮನುಷ್ಯರ ಮೈಯಲ್ಲಿ ವರ್ಷಗಟ್ಟಲೆ ಇದ್ದುದನ್ನು ಪರೀಕ್ಷಿಸಿದ್ದೀರಾ ಎಂದು ಕೇಳಿದಳು.

ಯುವಕ ತಲೆ ತಗ್ಗಿಸಿದ. ಇದು ಬಂದು ಆರು ತಿಂಗಳಾಯಿತು, ಅಂಥದ್ದನ್ನು ಎಲ್ಲಿಂದ ತರುವುದು ಎಂದ.

ನೀಲಗಂಗಾ ವರದಿಯನ್ನು ಮಡಿಚಿ ಅವನಿಗೆ ಹಿಂತಿರುಗಿಸಲು ಕೈ ಚಾಚಿದಳು. ಹಾಸಿಗೆಯ ಮೇಲಿದ್ದ ಸಂಗವ್ವ ಆ ಕೈಯನ್ನು ಹಿಡಿದು ಕೆಳಗಿಳಿಸಿದಳು.

“ಹಾಕಸ್ಕೊಂತೀನಿ,” ಅಂದಳು. “ಯಾರದರ ಮೈಯಾಗ ಅದು ಹಳೇದಾಗಬೇಕಲ್ಲ.”